ಜೋಳದ ಕಳ್ಳರ ಬೇಸಿಗೆ ಮನೆ

ಕಲಬುರಗಿ ಸೀಮೆಯಲ್ಲಿ ಹಿಂಗಾರಿ ಜೋಳ ಹಾಲುಗಟ್ಟುವ ಹೊತ್ತಿಗೆ ಮೋಡದಂತೆ ಇಳಿಯುವ ಗುಲಾಬಿ ಕಬ್ಬಕ್ಕಿಗಳು ಬೇಸಿಗೆಯಲ್ಲಿ ಎಲ್ಲಿರುತ್ತವೆ ಎಂದು ನಮ್ಮೂರಲ್ಲಿ ಯಾರೂ ಕೇಳಿದವರಲ್ಲ. ತೊಲಗಿದವಲ್ಲ, ಅಷ್ಟೇ ಸಾಕಿತ್ತು. ಅವು ಬರುವುದು ನಾನೀಗ ನೌಕರಿಗಿರುವ ಕಜಾಕಸ್ತಾನದ ಕಡೆಗೆ!

ಅಲ್ಮಾಟಿಯಲ್ಲಿ ಹಕ್ಕಿ ನೋಡಲು ಬಹುದೂರ ಹೋಗಬೇಕಿಲ್ಲ. ಮನೆಯಂಗಳದಲ್ಲಿ ನಮ್ಮದೇ ಗೊರವಂಕಗಳು ಜಗಳವಾಡುತ್ತವೆ. ಹಿಮ ಬಿದ್ದರೂ ಜಾಗ ಬಿಡುವುದಿಲ್ಲ. ವಸಂತದಲ್ಲಿ ಚಂದ್ರಮುಕುಟ ಬರುತ್ತದೆ. ಆದರೆ ನನ್ನ ಮನಸ್ಸು ಕಾಯುವುದು ಮೇ ತಿಂಗಳಿಗೆ. ಆಗ ನಗರದಾಚೆ, ಇಲಿ ನದಿಯ ಕಡೆಯ ಒಣ ಬಯಲಿನ ಕಲ್ಲುಗುಡ್ಡೆಗಳಲ್ಲಿ ಗುಲಾಬಿ ಕಬ್ಬಕ್ಕಿಗಳ ಸಂತೆ. ಊರಲ್ಲಿ ಮಾಸಲಾಗಿ ಕಾಣುವ ಬಣ್ಣ ಇಲ್ಲಿ ಹೊಳೆಯುತ್ತದೆ: ಕಪ್ಪು ತಲೆ, ಕಪ್ಪು ರೆಕ್ಕೆ, ನಡುವೆ ಅಚ್ಚ ಗುಲಾಬಿ ಮೈ, ಹಾಡುವಾಗ ಕೆದರುವ ಜುಟ್ಟು. ಕಲ್ಲಿನ ಸಂದಿಗಳಲ್ಲಿ ಸಾವಿರಾರು ಜೋಡಿ ಒಟ್ಟಿಗೇ ಗೂಡು ಕಟ್ಟುತ್ತವೆ. ಮಿಡತೆ ಹೆಚ್ಚಿದ ಕಡೆ ಇವುಗಳ ಠಿಕಾಣಿ. ಈ ವರ್ಷ ತುಂಬಿದ ಗುಡ್ಡ ಮುಂದಿನ ವರ್ಷ ಖಾಲಿಯಿರಬಹುದು. ಮರಿಗಳಿಗೆ ಉಣಿಸುವುದೂ ಮಿಡತೆಯನ್ನೇ. ಹಾಗಾಗಿ ಇಲ್ಲಿನ ಬೇಸಾಯಗಾರರಿಗೆ ಇವು ಬೇಕಾದ ನೆಂಟರು.

ಮುತ್ಯಾ ಮಂಚಿಕೆಯ ಮೇಲೆ ನಿಂತು ಕವಣೆ ಬೀಸಿದ್ದು ಇವಕ್ಕೇ. ಅವನದೇನೂ ತಪ್ಪಲ್ಲ, ಒಂದು ಹಿಂಡು ಕುಳಿತೆದ್ದರೆ ತೆನೆಯಲ್ಲಿ ಕಾಳು ಉಳಿಯುವುದಿಲ್ಲ. ಆದರೂ ನೋಡಿ, ತೊಗರಿಯ ಕಾಯಿಕೊರಕ ಹುಳುವನ್ನು ತಿನ್ನಲಿ ಎಂದು ಹಕ್ಕಿ ಕೂರಲು ಕೋಲು ನೆಡುವ ನಾವೇ ಪಕ್ಕದ ಜೋಳದ ಹೊಲದಲ್ಲಿ ಡಬ್ಬ ಬಡಿಯುತ್ತೇವೆ. ಹಕ್ಕಿಗೆ ಈ ಕಾನೂನು ತಿಳಿಯುವುದು ಹೇಗೆ?

ಜುಲೈ ಕಳೆಯುವಷ್ಟರಲ್ಲಿ ಇಲ್ಲಿನ ಗುಡ್ಡಗಳು ಬರಿದಾಗುತ್ತವೆ. ಆಗಸ್ಟ್‌ನಿಂದಲೇ ಭಾರತದಲ್ಲಿ ಅವು ಕಾಣತೊಡಗುತ್ತವೆ, ಏಪ್ರಿಲ್‌ವರೆಗೂ ಇರುತ್ತವೆ. ಹೊರಡುವ ಮುನ್ನ ಮುತ್ತುಗದ ಹೂವಿನ ಮಕರಂದಕ್ಕೆ ಮುತ್ತುವುದನ್ನು ನೀವೇ ಕಂಡಿರುತ್ತೀರಿ.

ಊರಲ್ಲಿರುವವರು ಈ ಸಲ ಸಂಜೆ ಕಲಬುರಗಿಯ ಅಪ್ಪನ ಕೆರೆಯ ಸುತ್ತಲಿನ ಮರಗಳನ್ನೂ ಒಮ್ಮೆ ನೋಡಿ. ಗುಲಾಬಿ ಬಣ್ಣವನ್ನೇ ಹುಡುಕಬೇಡಿ: ಜುಟ್ಟಿಲ್ಲದ, ಮಣ್ಣುಬಣ್ಣದ, ಹಳದಿ ಕೊಕ್ಕಿನವು ಅದೇ ವರ್ಷದ ಮರಿಗಳು. ಕಂಡ ದಿನ, ಜಾಗ ಬರೆದು ಕಳಿಸಿ. ಇಲ್ಲಿಂದ ಹೊರಟ ದಿನ ನಾನು ಬರೆದಿಟ್ಟಿರುತ್ತೇನೆ.