ಹಳೆ ಮನೆ ಕೆಲಸದ ಗುತ್ತಿಗೆದಾರನಿಗೆ ಸಂಘದಿಂದ ಏನು ಲಾಭ?

ಮೈಸೂರಿನಲ್ಲಿ ಹಳೆಯ ಮನೆಗಳ ದುರಸ್ತಿ ಮತ್ತು ನವೀಕರಣದ ಕೆಲಸ ಹಿಡಿಯುವ ನನ್ನಂಥ ಸಣ್ಣ ಗುತ್ತಿಗೆದಾರರು ಕಟ್ಟಡ ಉದ್ಯಮದ ಸಂಘಗಳಿಗೆ ಸೇರಬೇಕೇ ಎಂದು ಈಚೆಗೆ ಈ ಕಸುಬಿಗೆ ಇಳಿದಿರುವ ಹುಡುಗರು ಆಗಾಗ ಕೇಳುತ್ತಾರೆ. ಸೇರಿದರೆ ಕೆಲಸ ಸಿಗುತ್ತದೆಯೇ ಎಂಬುದು ಆ ಪ್ರಶ್ನೆಯ ಹಿಂದಿರುವ ಪ್ರಶ್ನೆ. ಕೆಲಸ ಸಿಗುವುದಿಲ್ಲ ಎಂದೇ ನಾನು ಹೇಳುತ್ತೇನೆ. ಹಾಗಿದ್ದರೂ ಒಂದು ಸಂಘದ ಸದಸ್ಯತ್ವವನ್ನು ನಾನು ವರ್ಷ ವರ್ಷವೂ ಉಳಿಸಿಕೊಂಡು ಬಂದಿದ್ದೇನೆ. ಈ ಎರಡು ಮಾತುಗಳು ಒಂದಕ್ಕೊಂದು ವಿರುದ್ಧವೆಂದು ತೋರಬಹುದಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಕೆಲಸ ಏಕೆ ಸಿಗುವುದಿಲ್ಲ ಎಂಬುದು ಸರಳವಾದ ವಿಷಯ. ಲಕ್ಷ್ಮೀಪುರಂ, ಚಾಮರಾಜಪುರಂ, ಕೃಷ್ಣಮೂರ್ತಿಪುರಂ ಕಡೆಯ ಹಳೆಯ ಮನೆಗಳ ಮಾಲೀಕರು ಗುತ್ತಿಗೆದಾರನನ್ನು ಹುಡುಕುವುದು ಬಾಯಿಮಾತಿನಿಂದ. ಯಾರ ಮನೆ ಮಾಡಿದ್ದೀರಿ, ಹೋಗಿ ನೋಡಬಹುದೇ ಎಂದು ಕೇಳುತ್ತಾರೆ. ಹೋದಮೇಲೆ ಆ ಮನೆಯವರನ್ನು ಕೇಳುವುದು ಹೇಳಿದ ದಿನಕ್ಕೆ ಮುಗಿಸಿದರೇ, ಅಡ್ವಾನ್ಸ್ ತೆಗೆದುಕೊಂಡು ಕೈಕೊಟ್ಟರೇ, ಸಂಜೆ ಹೊತ್ತು ಮನೆ ಗುಡಿಸಿ ಹೋಗುತ್ತಿದ್ದರೇ ಎಂದು. ವಿಸಿಟಿಂಗ್ ಕಾರ್ಡಿನ ಮೂಲೆಯಲ್ಲಿರುವ ಸಂಘದ ಲಾಂಛನವನ್ನು ಗಮನಿಸಿ ಕೆಲಸ ಕೊಟ್ಟ ಮಾಲೀಕರನ್ನು ನಾನಂತೂ ಕಂಡಿಲ್ಲ. ಅಮೆರಿಕದಲ್ಲಿ ಮನೆ ನವೀಕರಣದವರಿಗೆಂದೇ ರಾಷ್ಟ್ರಮಟ್ಟದ ಸಂಘವಿದೆ, ಅದು ಪರೀಕ್ಷೆ ನಡೆಸಿ ಪ್ರಮಾಣಪತ್ರವನ್ನೂ ಕೊಡುತ್ತದೆ. ನಮ್ಮಲ್ಲಿ ಖಾಸಗಿ ಮನೆಯ ದುರಸ್ತಿ ಮಾಡುವವನಿಗೆ ಪರೀಕ್ಷೆಯಿಲ್ಲ. ಲೋಕೋಪಯೋಗಿ ಇಲಾಖೆಯ ದರ್ಜೆವಾರು ನೋಂದಣಿ ಬೇಕಾಗುವುದು ಸರ್ಕಾರಿ ಕಾಮಗಾರಿ ಹಿಡಿಯುವವರಿಗೆ. ಸದಸ್ಯತ್ವ ಶುಲ್ಕ ಕಟ್ಟಿದವನ ಗಾರೆ ಕೆಲಸ ಹೇಗಿದೆ ಎಂದು ನೋಡಿದವರು ಯಾರೂ ಇಲ್ಲದಿರುವಾಗ ಲಾಂಛನಕ್ಕೆ ಗ್ರಾಹಕರು ಬೆಲೆ ಕೊಡದಿರುವುದು ನ್ಯಾಯವೇ ಆಗಿದೆ.

ಎರಡನೆಯದಾಗಿ, ಇರುವ ಸಂಘಗಳು ಯಾರ ಕಷ್ಟಕ್ಕಾಗಿ ಹುಟ್ಟಿದವು ಎಂಬುದನ್ನು ನೋಡಬೇಕು. ಬಿಲ್ಡರ್ಸ್ ಅಸೋಸಿಯೇಷನ್ ಆಫ್ ಇಂಡಿಯಾ 1941ರಲ್ಲಿ ಪುಣೆಯಲ್ಲಿ ಶುರುವಾದದ್ದು ಸೇನೆಯ ಕಟ್ಟಡಗಳನ್ನು ನೋಡಿಕೊಳ್ಳುವ ಮಿಲಿಟರಿ ಎಂಜಿನಿಯರ್ ಸರ್ವಿಸಸ್‌ನ ಕಾಮಗಾರಿ ಮಾಡುತ್ತಿದ್ದ ಗುತ್ತಿಗೆದಾರರಿಂದ. ಮೈಸೂರಿನಲ್ಲಿಯೂ ಅದರ ಕೇಂದ್ರವಿದೆ. 1999ರಲ್ಲಿ ಸ್ಥಾಪನೆಯಾದ ಕ್ರೆಡೈ ಅಪಾರ್ಟ್‌ಮೆಂಟು, ಬಡಾವಣೆ ಕಟ್ಟುವ ಡೆವಲಪರುಗಳ ಸಂಘಟನೆ. ಕರ್ನಾಟಕ ರಾಜ್ಯ ಗುತ್ತಿಗೆದಾರರ ಸಂಘವು 2021ರಲ್ಲಿ ಪ್ರಧಾನಿಗೆ ಬರೆದ ಶೇಕಡಾ 40ರ ಕಮಿಷನ್ ಆರೋಪದ ಪತ್ರದಿಂದ ದೇಶದಾದ್ಯಂತ ಹೆಸರಾಯಿತು, ಆದರೆ ಅದರ ಜೀವಾಳ ಸರ್ಕಾರಿ ಟೆಂಡರು ಮತ್ತು ಬಾಕಿ ಬಿಲ್ಲು. ಸಹಜವಾಗಿಯೇ ಇಂಥ ವೇದಿಕೆಗಳಲ್ಲಿ ಚರ್ಚೆಯಾಗುವುದು ಟೆಂಡರಿನ ಷರತ್ತು, ರೇರಾ ಎಂಬ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯಿದೆ, ಸಿಮೆಂಟು ಉಕ್ಕಿನ ಬೆಲೆ ಏರಿಕೆ. 500 ಚದರ ಮೀಟರಿಗಿಂತ ದೊಡ್ಡ ಜಾಗದಲ್ಲಿ ಅಥವಾ 8ಕ್ಕಿಂತ ಹೆಚ್ಚು ಮನೆ ಕಟ್ಟಿ ಮಾರುವವರಿಗೆ ರೇರಾ ತಲೆನೋವಾಗಿರಬಹುದು. ನನ್ನ ತಲೆನೋವು ಮೇಲಿನ ಬಾತ್‌ರೂಮಿನಿಂದ ಕೆಳಗಿನ ಪೂಜಾಕೋಣೆಯ ಗೋಡೆಗೆ ಇಳಿಯುತ್ತಿರುವ ನೀರು.

ಸಭೆಗಳ ಬಗ್ಗೆ ಹೆಚ್ಚು ಬರೆಯಬೇಕಾಗಿಲ್ಲ. ಹೋಟೆಲಿನ ಹಾಲ್, ಪ್ರಾರ್ಥನೆ, ಸ್ವಾಗತ, ಶಾಲು, ಹಾರ, ಪೇಟ, ಆಮೇಲೆ ಟೈಲ್ ಅಂಟಿನದೋ ವಾಟರ್‌ಪ್ರೂಫಿಂಗ್ ರಾಸಾಯನಿಕದ್ದೋ ಕಂಪನಿಯವರ ಪ್ರಾತ್ಯಕ್ಷಿಕೆ, ಊಟ. ಪ್ರಾತ್ಯಕ್ಷಿಕೆಯಲ್ಲಿ ಎಲ್ಲವೂ ಅಂಟುತ್ತದೆ. ಹಳೆಯ ರೆಡ್ ಆಕ್ಸೈಡ್ ನೆಲದ ಮೇಲೆ, ಅದನ್ನು ಕೀಳದೆ ಟೈಲ್ ಕೂರಿಸಿದರೆ ಎರಡು ಬೇಸಿಗೆ ಕಳೆದಮೇಲೂ ಟೊಳ್ಳು ಶಬ್ದ ಬರದಿರಲು ನೆಲವನ್ನು ಎಷ್ಟು ಒರಟು ಮಾಡಬೇಕು ಎಂಬುದನ್ನು ವೇದಿಕೆಯ ಮೇಲಿದ್ದವರು ಹೇಳುವುದಿಲ್ಲ. ಊಟದ ಸಾಲಿನಲ್ಲಿ ಪಕ್ಕದಲ್ಲಿ ನಿಂತ ಹಿರಿಯರು ಹೇಳುತ್ತಾರೆ. ಸದಸ್ಯತ್ವದಿಂದ ನನಗೆ ಸಿಕ್ಕಿರುವ ಬೆಲೆಬಾಳುವ ಸಂಗತಿಗಳೆಲ್ಲ ಈ ಊಟದ ಸಾಲಿನವೇ.

ಅವುಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಒಂದು ಷರತ್ತು. ನವೀಕರಣದ ಕೆಲಸಕ್ಕೂ ಹೊಸ ಕಟ್ಟಡದ ಕೆಲಸಕ್ಕೂ ಇರುವ ದೊಡ್ಡ ವ್ಯತ್ಯಾಸವೆಂದರೆ ಗೋಡೆ ಒಡೆಯುವವರೆಗೂ ಒಳಗೇನಿದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಮರದ ತೊಲೆಗಳ ಮೇಲೆ ಇಟ್ಟಿಗೆ, ಗಾರೆ ಹಾಕಿದ ಹಳೆಯ ಮದ್ರಾಸ್ ಟೆರೇಸ್ ಛಾವಣಿಯ ಒಂದು ತೊಲೆ ಬದಲಾಯಿಸಲು ಹೋದರೆ ಗೋಡೆಯೊಳಗೆ ಸೇರಿದ ತುದಿಗಳಲ್ಲಿ ಪಕ್ಕದ ತೊಲೆಗಳನ್ನೂ ಗೆದ್ದಲು ತಿಂದಿರುತ್ತದೆ. ಎಪ್ಪತ್ತರ ದಶಕದ ಆರ್‌ಸಿಸಿ ಸಜ್ಜದ ಗಾರೆ ಉದುರಿಸಿದರೆ ಕಂಬಿ ತುಕ್ಕು ಹಿಡಿದು ಪದರ ಪದರವಾಗಿ ಕೈಗೆ ಬರುತ್ತದೆ. ಹೆಚ್ಚುವರಿ ಕೆಲಸದ ಹಣ ಕೇಳಿದಾಗ, ಮೊದಲೇ ಏಕೆ ಹೇಳಲಿಲ್ಲ ಎಂದು ಮಾಲೀಕರು ಕೇಳುವುದೂ ತಪ್ಪಲ್ಲ. ಹಿರಿಯ ಸದಸ್ಯರೊಬ್ಬರು ತಮ್ಮ ಎಸ್ಟಿಮೇಟಿನ ಕೊನೆಯ ಪುಟದಲ್ಲಿ ಬಳಸುತ್ತಿದ್ದ ಒಕ್ಕಣೆಯನ್ನು ನನಗೆ ಕೊಟ್ಟರು. ಒಡೆದ ನಂತರ ಕಂಡುಬರುವ ಯಾವುದೇ ಹಾನಿಯ ದುರಸ್ತಿ ಈ ಮೊತ್ತದಲ್ಲಿ ಸೇರಿಲ್ಲ. ಅಂಥದ್ದು ಕಂಡರೆ ಆ ಭಾಗದ ಕೆಲಸ ನಿಲ್ಲಿಸಿ, ಫೋಟೊ ತೆಗೆದು, ಅಳತೆ ಮತ್ತು ದರ ಬರೆದು ಮಾಲೀಕರ ಸಹಿ ಪಡೆದ ಮೇಲೆಯೇ ಮುಂದುವರಿಸಲಾಗುವುದು. ನಿಂತ ದಿನಗಳು ಮುಗಿಸಬೇಕಾದ ಅವಧಿಗೆ ಸೇರುತ್ತವೆ. ಇಷ್ಟೇ. ಸಹಿ ಹಾಕಿಸುವ ಮೊದಲು ಇದನ್ನು ಗಟ್ಟಿಯಾಗಿ ಓದಿ ಹೇಳಬೇಕು ಎಂದೂ ಅವರು ಸೇರಿಸಿದ್ದರು. ಓದಿ ಹೇಳಿದಾಗ ಕೆಲವರು ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎನ್ನುತ್ತಾರೆ, ಅದೂ ಒಳ್ಳೆಯದೇ. ಈ ಒಕ್ಕಣೆ ಬಂದಮೇಲೆ ನನ್ನ ಜಗಳಗಳು ಕೆಲಸದ ಕೊನೆಯಿಂದ ಕೆಲಸದ ಮೊದಲಿಗೆ ವರ್ಗವಾಗಿವೆ, ಹಾಗೆ ವರ್ಗವಾದ ಜಗಳಕ್ಕೆ ಖರ್ಚು ಕಡಿಮೆ.

ತೆರಿಗೆಯ ವಿಷಯದಲ್ಲಿಯೂ ಸಂಘದ ಉಪಯೋಗ ನಿಜವಾದದ್ದು. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದಾಗ ಎಲ್ಲ ಮಾಲೀಕರೂ ಎಸ್ಟಿಮೇಟ್ ಇಳಿಸಿ ಎಂದರು. ತೆರಿಗೆ ಬಿಟ್ಟು ಮೂಟೆಗೆ 280 ರೂಪಾಯಿ ಎಂದಿಟ್ಟುಕೊಂಡರೆ ಮೊದಲು 358.40, ಈಗ 330.40. ಆದರೆ ಶೇಕಡಾ 18ರ ದರದಲ್ಲಿ ಪೂರ್ಣ ತೆರಿಗೆ ಹಾಕಿ ಬಿಲ್ ಮಾಡುವ ಗುತ್ತಿಗೆದಾರ ಸಿಮೆಂಟಿನ ಮೇಲೆ ಕೊಟ್ಟ ತೆರಿಗೆಯನ್ನು ಹೂಡುವಳಿ ತೆರಿಗೆ ಜಮೆಯಾಗಿ (ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್) ತಾನು ಕಟ್ಟಬೇಕಾದ ತೆರಿಗೆಯಲ್ಲಿ ಮೊದಲಿನಿಂದಲೂ ವಜಾ ಮಾಡಿಕೊಳ್ಳುತ್ತಿದ್ದ. ಅವನ ಅಸಲು ಅಂದೂ 280, ಇಂದೂ 280. ವರ್ಷಕ್ಕೆ 50 ಲಕ್ಷದೊಳಗಿನ ವಹಿವಾಟಿನ ಸೇವೆಗಳಿಗಿರುವ ಒಟ್ಟು ವಹಿವಾಟಿನ ಮೇಲೆ ಶೇಕಡಾ 6 ಕಟ್ಟಿ ಮುಗಿಸುವ ಕಾಂಪೊಸಿಷನ್ ಯೋಜನೆಯಲ್ಲಿರುವವನಿಗೆ ಆ ಜಮೆ ಇಲ್ಲದ್ದರಿಂದ ಮೂಟೆಗೆ 28 ರೂಪಾಯಿ ನಿಜವಾಗಿಯೂ ಉಳಿಯಿತು. ಒಂದೇ ಬೀದಿಯ ಇಬ್ಬರು ಗುತ್ತಿಗೆದಾರರು ಒಂದೇ ಪ್ರಶ್ನೆಗೆ ಬೇರೆ ಬೇರೆ ಪ್ರಾಮಾಣಿಕ ಉತ್ತರ ಕೊಡಬಹುದು ಎಂಬುದನ್ನು ಸಂಘ ಕರೆಸಿದ್ದ ಲೆಕ್ಕಪರಿಶೋಧಕರು ಬೋರ್ಡಿನ ಮೇಲೆ ಬರೆದು ತೋರಿಸಿದರು. ಬರೀ ಕೂಲಿ ಗುತ್ತಿಗೆಗೆ ತೆರಿಗೆಯಿಲ್ಲ ಎಂಬ ಮೇಸ್ತ್ರಿಗಳ ನಂಬಿಕೆಯೂ ಅಲ್ಲಿಯೇ ಕಳಚಿತು: ಆ ವಿನಾಯಿತಿ ಒಂಟಿ ಮನೆಯನ್ನು ಹೊಸದಾಗಿ ಕಟ್ಟುವಂಥ ಕೆಲಸಕ್ಕೆ, ಮಾಮೂಲಿ ದುರಸ್ತಿಗೆ ಅನ್ವಯಿಸದು. 2025ರ ನವೆಂಬರ್ 21ರಿಂದ ಹಳೆಯ ಕಾರ್ಮಿಕ ಕಾಯಿದೆಗಳ ಬದಲಿಗೆ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದ ಮೇಲಂತೂ ಇಂಥ ವಿವರಣೆಯ ಅಗತ್ಯ ಇನ್ನಷ್ಟು ಹೆಚ್ಚಿದೆ. ಸಾರುವೆಯಿಂದ ಬಿದ್ದ ಕೂಲಿಯಾಳಿಗೆ ಪರಿಹಾರ ಕೊಡುವ ಹೊಣೆ 1923ರ ಕಾಯಿದೆಯಿಂದಲೂ ಕೆಲಸ ಕೊಟ್ಟವನ ಮೇಲೇ ಇದೆ, ಆದರೂ ಅದಕ್ಕೆ ವಿಮೆ ಮಾಡಿಸಿರುವ ಸಣ್ಣ ಗುತ್ತಿಗೆದಾರರು ನನ್ನ ಪರಿಚಯದಲ್ಲಿ ತೀರ ವಿರಳ.

ಒಟ್ಟಾಗಿ ದನಿ ಎತ್ತುವ ಮಾತಿಗೆ ಬಂದರೆ, 2025ರ ಜುಲೈನಲ್ಲಿ ನಡೆದದ್ದು ನೆನಪಾಗುತ್ತದೆ. ಯುಪಿಐ ಮೂಲಕ ಬಂದ ಹಣದ ಆಧಾರದ ಮೇಲೆ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳುಹಿಸಿದಾಗ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಯವರು ಬಂದ್‌ಗೆ ಕರೆ ಕೊಟ್ಟರು. ಮುಖ್ಯಮಂತ್ರಿಗಳೇ ಅವರ ಪ್ರತಿನಿಧಿಗಳನ್ನು ಕರೆಸಿ ಮಾತನಾಡಿ ಹಳೆಯ ಬಾಕಿಯ ವಿಷಯದಲ್ಲಿ ಭರವಸೆ ಕೊಟ್ಟರು. ಟೈಲ್ಸಿಗೆಂದು ಮಾಲೀಕರು ಹಾಕುವ ಹಣ ಗುತ್ತಿಗೆದಾರನ ಫೋನಿಗೆ ಬಂದು ಅದೇ ಸಂಜೆ ಅಂಗಡಿಗೆ ಹೋಗಿಬಿಡುವ ನಮ್ಮ ಕಸುಬಿಗೂ ಆ ಭಯ ಅಷ್ಟೇ ಇತ್ತು, ಆದರೆ ನಮ್ಮ ಪರವಾಗಿ ಆ ಸಭೆಯಲ್ಲಿ ಕೂರಲು ನಮ್ಮದೆನ್ನುವ ಸಂಘವೇ ಇರಲಿಲ್ಲ. ದೊಡ್ಡ ಬಿಲ್ಡರುಗಳ ಸಂಘಕ್ಕೆ ನಾವು ಶುಲ್ಕ ಕಟ್ಟಿದ ಮಾತ್ರಕ್ಕೆ ಈ ಕೊರತೆ ತುಂಬುವುದಿಲ್ಲ.

ಹೀಗಾಗಿ ನಾನು ಹುಡುಗರಿಗೆ ಹೇಳುವುದು ಇಷ್ಟು. ಕೆಲಸ ಬೇಕಿದ್ದರೆ ಶುಲ್ಕದ ಹಣವನ್ನು ಬೇರೆ ಕಡೆ ಹಾಕಿ. ಕೆಲಸ ಕಳುಹಿಸುವವರು ಸಿವಿಲ್ ಎಂಜಿನಿಯರುಗಳು ಮತ್ತು ಆರ್ಕಿಟೆಕ್ಟುಗಳು, ಅವರ ಸಂಘಗಳ ಉಪನ್ಯಾಸಗಳಿಗೆ ಅತಿಥಿಯಾಗಿ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತರೆ ಗುತ್ತಿಗೆದಾರರ ನಡುವೆ ಕುಳಿತದ್ದಕ್ಕಿಂತ ಹೆಚ್ಚು ಪರಿಚಯವಾಗುತ್ತದೆ. ಗುತ್ತಿಗೆದಾರರ ಸಂಘಕ್ಕೆ ಸೇರುವ ಮುನ್ನ ಅದರ ಸದಸ್ಯರಲ್ಲಿ ಐದು ಲಕ್ಷದ ಕೆಲಸ ಮಾಡುವವರು ಯಾರಾದರೂ ಇದ್ದಾರೆಯೇ ಎಂದು ವಿಚಾರಿಸಿ, ಇಲ್ಲದಿದ್ದರೆ ಬೇಡ. ಇದ್ದರೆ ಒಂದಕ್ಕೆ ಸೇರಿ, ಎರಡಕ್ಕಲ್ಲ, ಏಕೆಂದರೆ ಶುಲ್ಕಕ್ಕಿಂತ ಸಂಜೆಗಳೇ ದುಬಾರಿ. ಕ್ಯೂರಿಂಗ್‌ಗೆ ನೀರು ಹೊಡೆದಿದ್ದಾರೆಯೇ ಎಂದು ನೋಡಬೇಕಾದ ಹೊತ್ತಿನಲ್ಲೇ ಸಭೆಗಳು ಶುರುವಾಗುತ್ತವೆ. ಪದಾಧಿಕಾರಿಯಾಗಲು ಕರೆದರೆ ಒಪ್ಪಿಕೊಳ್ಳುವ ಮೊದಲು ಸೈಟಿನಲ್ಲಿ ನಿಮ್ಮ ಬದಲಿಗೆ ಯಾರು ನಿಲ್ಲುತ್ತಾರೆ ಎಂದು ಮನೆಯಲ್ಲಿ ಕೇಳಿಕೊಳ್ಳಿ.

ನಮ್ಮದೇ ಸಣ್ಣ ಕೂಟವೊಂದನ್ನು ಮಾಡಿಕೊಳ್ಳುವ ಮಾತು ನಾಲ್ಕಾರು ಮಂದಿಯ ನಡುವೆ ನಡೆದಿದೆ. ಬೈಲಾ, ಅಧ್ಯಕ್ಷ, ಖಜಾಂಚಿ ಎಲ್ಲ ಆಮೇಲೆ ನೋಡಿಕೊಳ್ಳೋಣ, ಮೊದಲು ಎರಡು ಪುಟದ ಕನ್ನಡ ಕರಾರುಪತ್ರವೊಂದನ್ನು ವಕೀಲರಿಗೆ ತೋರಿಸಿ ಅಚ್ಚು ಹಾಕಿಸೋಣ, ಒಡೆದ ಗೋಡೆಯ ಮಣ್ಣನ್ನು ರಿಂಗ್ ರಸ್ತೆಯ ಬದಿಯಲ್ಲಿ ಸುರಿಯುವ ಬದಲು ಒಂದೇ ಟಿಪ್ಪರಿನಲ್ಲಿ ಪಾಲಿಕೆ ಹೇಳಿದ ಜಾಗಕ್ಕೆ ಸಾಗಿಸುವ ಬಾಡಿಗೆಯನ್ನು ಹಂಚಿಕೊಳ್ಳೋಣ ಎಂಬುದು ನನ್ನ ಸಲಹೆ. ಕರಾರುಪತ್ರದ ಕರಡು ಈಗ ವಕೀಲರ ಬಳಿ ಇದೆ. ಟಿಪ್ಪರಿನ ಬಾಡಿಗೆಯನ್ನು ಟ್ರಿಪ್ಪಿನ ಲೆಕ್ಕದಲ್ಲಿ ಹಂಚಬೇಕೋ ಮಣ್ಣಿನ ಲೆಕ್ಕದಲ್ಲಿ ಹಂಚಬೇಕೋ ಎಂಬುದರಲ್ಲಿ ಇನ್ನೂ ಒಮ್ಮತವಾಗಿಲ್ಲ.