ತೋಟದ ಮಂತ್ರಿಗೆ ರಜೆ ಕೊಟ್ಟ ದಿನ

10 ಏಪ್ರಿಲ್ 2024, ಬುಧವಾರ, ರಾತ್ರಿ 10.20

ನಾಳೆಯಿಂದ ರಜೆ. ಮೇ 28ರವರೆಗೆ. ಗಂಟಲು ಕೂತಿದೆ, ಕಾಲು ಪದ ಹೇಳ್ತಿದೆ, ಹೆಬ್ಬೆಟ್ಟು ಒತ್ತಿಸಿ ಒತ್ತಿಸಿ ನನ್ನ ಬೆರಳಿಗೂ ಸ್ಟಾಂಪ್ ಪ್ಯಾಡಿನ ನೀಲಿ ಹತ್ತಿದೆ. ಸೋಪು ಹಾಕಿ ಎರಡು ಸಲ ತೊಳೆದರೂ ಹೋಗಿಲ್ಲ. ಹಾಗೇ ಮಲಗೋಣ ಅಂದುಕೊಂಡಿದ್ದೆ, ನಿದ್ದೆ ಬರಲಿಲ್ಲ, ಎದ್ದು ಕೂತು ಬರೆಯುತ್ತಿದ್ದೇನೆ.

ಯುಗಾದಿ ಮಾರನೇ ದಿನ ವರ್ಷತೊಡಕು, ಬಾಡೂಟದ ಹಬ್ಬ. ನಮ್ಮ ಮಧುಗಿರಿ ಸೀಮೆಯಲ್ಲಿ ವರ್ಷತೊಡಕಿನ ದಿನ ಅಪ್ಪ ಅಮ್ಮಂದಿರನ್ನು ಶಾಲೆಗೆ ಕರೆಯೋದು ಅಂದರೆ ಏನು ಅಂತ ಇಲಾಖೆಯವರಿಗೆ ಯಾರು ಹೇಳಬೇಕು? ನಾನು ಬಸ್ಸಿಳಿದು ಬರುವಾಗಲೇ ಅರಳಿಕಟ್ಟೆ ಪಕ್ಕದಲ್ಲಿ ಮುತ್ತುಗದ ಎಲೆ ಮೇಲೆ ಗುಡ್ಡೆ ಬಾಡು ಹಾಕುತ್ತಿದ್ದರು. ನಮ್ಮ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿ ಅಧ್ಯಕ್ಷರೂ ಅಲ್ಲೇ ನಿಂತಿದ್ದರು. ನನ್ನನ್ನು ನೋಡಿ, "ನೀವು ನಡೀರಿ ಮೇಡಂ, ಹಿಂದೇನೇ ಬಂದೆ" ಅಂದರು. ಬಂದಿದ್ದು ಹನ್ನೆರಡೂವರೆಗೆ.

ಸಮುದಾಯದತ್ತ ಶಾಲೆ ಅಂದರೆ ಗೊತ್ತಲ್ಲ, ವರ್ಷದ ಕೊನೇ ದಿನ ಮಕ್ಕಳ ಪ್ರಗತಿ ಪತ್ರವನ್ನು ಮನೆಯವರ ಮುಂದೆ ಇಟ್ಟು, ತೋರಿಸಿ, ಸಹಿ ಹಾಕಿಸಿಕೊಳ್ಳೋದು. ಶಾಮಿಯಾನದವರ ಹತ್ತಿರ ನಲವತ್ತು ಕುರ್ಚಿ ತರಿಸಿದ್ದೆವು. ತುಂಬಿದ್ದು ಹದಿನೇಳು. ಅದರಲ್ಲೂ ಹನ್ನೊಂದು ಜನ ಅಜ್ಜಿಯರು. ಅಪ್ಪ ಅಮ್ಮ ಬೆಂಗಳೂರಲ್ಲಿ ಗಾರೆ ಕೆಲಸಕ್ಕೋ ಗಾರ್ಮೆಂಟ್ಸಿಗೋ ಹೋದ ಮಕ್ಕಳೇ ನಮ್ಮಲ್ಲಿ ಜಾಸ್ತಿ. ಈ ವರ್ಷ ಮಳೆ ಇಲ್ಲ, ಬೋರಿನಲ್ಲಿ ನೀರಿಲ್ಲ, ಹೋದವರು ಹಬ್ಬಕ್ಕೂ ಎಲ್ಲರೂ ಬಂದಿಲ್ಲ.

ನಲಿ-ಕಲಿ ಮಕ್ಕಳು ಹಾಡು ಹೇಳಿದರು. ಎರಡನೇ ಕ್ಲಾಸಿನವನೊಬ್ಬ ಮೈಕು ಹಿಡಿದವನು ಬಿಡಲೇ ಇಲ್ಲ.

ಐದನೇ ಕ್ಲಾಸಿನವರ ವಿಷಯಕ್ಕೆ ಮಾತ್ರ ತಲೆ ಕೆಟ್ಟಿತು. ಅವರ ಬೋರ್ಡ್ ಪರೀಕ್ಷೆ ಮಾರ್ಚ್ 11ಕ್ಕೆ ಶುರುವಾಗಿ, ಕೋರ್ಟಿನಿಂದ ಮಧ್ಯದಲ್ಲೇ ನಿಂತು, ಮತ್ತೆ 25ರಿಂದ ನಡೆದು, ಮೊನ್ನೆ ಸೋಮವಾರ ಫಲಿತಾಂಶ ಹೇಳಿ ಅಂದರು. ಹೇಳಿದೆವು. ಅವತ್ತೇ ಸುಪ್ರೀಂ ಕೋರ್ಟಿಂದ ತಡೆ ಬಂತು. ಒಬ್ಬರು ಅಪ್ಪ, ತುಮಕೂರಿಂದ ಬೈಕಲ್ಲಿ ಬಂದಿದ್ದರು ಪಾಪ, "ಸೋಮವಾರ ಪಾಸು ಅಂದ್ರಂತೆ. ಇವತ್ತು ಏನೂ ಹೇಳಂಗಿಲ್ಲ ಅಂತೀರ. ನಮ್ಮ ಹುಡ್ಗ ಪಾಸಾ ಫೇಲಾ ಮೇಡಂ?" ಅಂತ ಕೇಳಿದರು. ಹತ್ತು ವರ್ಷದ ಹುಡುಗ ಪಕ್ಕದಲ್ಲೇ ನಿಂತು ನನ್ನ ಬಾಯಿ ನೋಡುತ್ತಿದ್ದ. ಏನು ಹೇಳೋದು? "ಚೆನ್ನಾಗಿ ಓದ್ತಾನೆ, ಭಯ ಬೀಳಬೇಡಿ" ಅಂದೆ. ಅದು ಕೇಳಿದ್ದಕ್ಕೆ ಉತ್ತರ ಅಲ್ಲ ಅಂತ ಅವರಿಗೂ ಗೊತ್ತಾಯಿತು, ಹುಡುಗನಿಗೂ ಗೊತ್ತಾಯಿತು.

ಏಳನೇ ಕ್ಲಾಸಿನವರು ಒಂಬತ್ತು ಜನ ದುಡ್ಡು ಸೇರಿಸಿ ಶಾಲೆಗೆ ಗೋಡೆ ಗಡಿಯಾರ ಕೊಟ್ಟರು. ಮತ್ತೆ ಗಡಿಯಾರ! ಸ್ಟಾಫ್ ರೂಮಲ್ಲಿ ಈಗ ಐದಾಯಿತು. ಐದೂ ಐದು ಟೈಮು ತೋರಿಸುತ್ತವೆ, ನಾವೆಲ್ಲ ಮೊಬೈಲ್ ನೋಡಿಯೇ ಬೆಲ್ ಹೊಡೆಸೋದು. ಮುಂದಿನ ವರ್ಷ ಮೊದಲೇ ಹೇಳಿಬಿಡಬೇಕು, ಎರಡು ದೊಡ್ಡ ಬಕೆಟ್ ಕೊಡಿಸಿ ಸಾಕು ಅಂತ.

ನಿದ್ದೆ ಕೆಡಿಸಿದ್ದು ಇದ್ಯಾವುದೂ ಅಲ್ಲ.

ನಮ್ಮ ಶಾಲಾ ಸಂಸತ್ತಿನ ತೋಟದ ಮಂತ್ರಿ ವಿಷಯ ಹಿಂದೆ ಬರೆದಿದ್ದೆ. ಏಳನೇ ಕ್ಲಾಸು, ಹೆಸರು ಬೇಡ, ಮಂತ್ರಿ ಅಂತಲೇ ಇರಲಿ. ಟ್ಯಾಂಕರ್ ಎರಡು ದಿನಕ್ಕೊಮ್ಮೆ ಬರೋಕೆ ಶುರುವಾದ ಮೇಲೆ ಗಿಡಕ್ಕೆ ನೀರಿಲ್ಲ ಅಂತ ಎಚ್.ಎಂ. ಸರ್ ಕೈ ಚೆಲ್ಲಿದಾಗ ಬಿಸಿಯೂಟದ ತಟ್ಟೆ ತೊಳೆದ ನೀರನ್ನು ತೋಟಕ್ಕೆ ತಿರುಗಿಸಿದವಳು ಅವಳು. ತೊಳೆಯೋ ಕಲ್ಲಿನಿಂದ ನುಗ್ಗೆ ಗಿಡದವರೆಗೆ ಒಂದು ಗೇಣು ಅಗಲದ ಕಾಲುವೆ. ಒಡೆದ ಹೆಂಚಿನ ಚೂರಲ್ಲಿ ಕೆರೆದು ಕೆರೆದು ಮಾಡಿದ್ದು. ಮಧ್ಯೆ ಎರಡು ಕಡೆ ಚಪ್ಪಟೆ ಕಲ್ಲು ನಿಲ್ಲಿಸಿದ್ದಾಳೆ, ಅದಕ್ಕೆ ಅವಳು ತೂಬು ಅಂತಾಳೆ. ಸೋಮವಾರದಿಂದ ಬುಧವಾರ ಎಡಗಡೆ ತೂಬು ಮುಚ್ಚಿದರೆ ನೀರು ನುಗ್ಗೆಗೆ, ಪಪ್ಪಾಯಿಗೆ. ಉಳಿದ ದಿನ ಕರಿಬೇವಿಗೆ, ಹೊಂಗೆ ಸಾಲಿಗೆ. ಅನ್ನದ ಅಗುಳು ಸಿಕ್ಕಿಹಾಕಿಕೊಳ್ಳದ ಹಾಗೆ ಕಲ್ಲಿನ ಮುಂದೆ ತೆಂಗಿನ ನಾರು. ಆ ಅಗುಳಿಗೆ ಗೊರವಂಕ ಬರುತ್ತವೆ. ಬೇಸಿಗೆಗೆ ಸುತ್ತಮುತ್ತ ಹಸಿರು ಅಂತ ಇರೋದು ಆ ಮೂಲೆ ಒಂದೇ.

ಈ ಸಲ ರಜೆಯಲ್ಲೂ ಬಿಸಿಯೂಟ ಇದೆ. ರಾಜ್ಯದ 236 ತಾಲ್ಲೂಕಿನಲ್ಲಿ 223 ಬರಪೀಡಿತ, ಅಲ್ಲೆಲ್ಲ ರಜೆ ಮುಗಿಯೋವರೆಗೂ ಮಕ್ಕಳಿಗೆ ಮಧ್ಯಾಹ್ನದ ಊಟ ಹಾಕಬೇಕು. ನಾವೂ ಸರದಿ ಮೇಲೆ ಬರಬೇಕು. ಆದೇಶ ಬಂದ ದಿನ ಸ್ಟಾಫ್ ರೂಮಲ್ಲಿ ಎಲ್ಲರೂ ಗೊಣಗಿದೆವು, ಸುಳ್ಳು ಯಾಕೆ ಹೇಳಲಿ, ಎಲ್ಲರಿಗಿಂತ ಜೋರಾಗಿ ಗೊಣಗಿದ್ದು ನಾನೇ. ಅರಸೀಕೆರೆಗೆ ಅಮ್ಮನ ಮನೆಗೆ ಹೋಗಿ ಹದಿನೈದು ದಿನ ಇರೋಣ ಅಂತಿದ್ದೆ. ಮಧ್ಯದಲ್ಲಿ 26ಕ್ಕೆ ಚುನಾವಣೆ ಡ್ಯೂಟಿ ಬೇರೆ. ರಜೆ ಅನ್ನೋದು ಕಾಗದದ ಮೇಲೆ ಮಾತ್ರ.

ಯಾರ್ಯಾರು ಊಟಕ್ಕೆ ಬರ್ತಾರೆ ಅಂತ ಮನೆಯವರಿಂದ ಒಪ್ಪಿಗೆ ಪತ್ರ ಬರೆಸಿಕೊಂಡು ಪಟ್ಟಿ ಮಾಡೋ ಕೆಲಸ ನನಗೆ ಬಿದ್ದಿತ್ತು. ಒಂದರಿಂದ ಆರನೇ ಕ್ಲಾಸಿನ ಮಕ್ಕಳು ಐವತ್ತೆರಡು. ಅದರಲ್ಲಿ ಮೂವತ್ತೊಂದು ಜನರ ಮನೆಯವರು ಬರ್ತಾರೆ ಅಂದರು. ಉಳಿದವರಲ್ಲಿ ಕೆಲವರು ಊರಲ್ಲೇ ಇರೋಲ್ಲ. ಇನ್ನು ಕೆಲವರಿಗೆ ಮರ್ಯಾದೆ. ಒಬ್ಬಾಕೆ ಅಂತೂ, "ಸ್ಕೂಲಿದ್ದಾಗ ಉಣ್ಣೋದು ಬ್ಯಾರೆ ಮೇಡಂ. ರಜದಾಗೂ ತಟ್ಟೆ ಹಿಡ್ಕಂಡ್ ಹೋದ್ರೆ ಊರೋರು ಏನಂತಾರೆ, ನಾವೇನ್ ಉಪಾಸ ಇದ್ದೀವಾ?" ಅಂತ ನನ್ನನ್ನೇ ಕೇಳಿದಳು. ಅಡುಗೆ ಅಕ್ಕನಿಗೆ ಬೇರೆ ಚಿಂತೆ. "ರಜದ ಸಂಬಳ ಕೊಡ್ತಾರಾ ಮಿಸ್?" ಅಂತ ನಾಲ್ಕು ಸಲ ಕೇಳಿದಳು.

ಸರಿ, ಮಂತ್ರಿ. ಹನ್ನೊಂದೂವರೆ ಇರಬೇಕು. ಅವಳ ಅಜ್ಜಿ ಹೆಬ್ಬೆಟ್ಟು ಒತ್ತಿ, ಬೆರಳನ್ನು ಸೆರಗಿಗೆ ಒರೆಸಿಕೊಂಡು ಹೋಗಿ ಕುರ್ಚಿಯಲ್ಲಿ ಕೂತರು. ಇವಳು ಹೋಗಲಿಲ್ಲ. ಟೇಬಲ್ ಅಂಚು ಹಿಡಿದುಕೊಂಡು ನಿಂತಳು.

"ಮಿಸ್, ರಜದಲ್ಲಿ ತೂಬು ಯಾರು ತಿರುಗಿಸ್ತಾರೆ?"

"ಆರನೇ ಕ್ಲಾಸಿನವರು ಇರ್ತಾರಲ್ಲ."

"ಅವರಿಗೆ ಬರಲ್ಲ ಮಿಸ್. ಎಲ್ಲಾ ನೀರೂ ಕರಿಬೇವಿಗೇ ಬಿಟ್ಟುಬಿಡ್ತಾರೆ. ನುಗ್ಗೆ ಒಣಗೋಗ್ತದೆ."

"ಕಲೀತಾರೆ ಬಿಡು."

ನಾನು ಆವಾಗ ಸಹಿ ಎಣಿಸುತ್ತಿದ್ದೆ. ತಲೆ ಎತ್ತಿಯೂ ನೋಡಿಲ್ಲ ಅಂತ ಈಗ ನೆನಪಾಗುತ್ತಿದೆ.

"ನಾನೇ ಬರ್ಲಾ ಮಿಸ್? ದಿನಾ ಬರ್ತೀನಿ. ಊಟದ ಹೊತ್ತಿಗೆ ಬಂದ್ರೆ ಸಾಕಲ್ವಾ, ತಟ್ಟೆ ತೊಳೆಯೋದು ಆವಾಗ್ಲೇ ತಾನೆ?"

"ಬೇಡಮ್ಮ, ಬಿಸಿಲು. ನೀನಿನ್ನು ಹೈಸ್ಕೂಲಿನವಳು, ಮನೇಲಿ ಆರಾಮಾಗಿರು."

"ಹೂಂ ಮಿಸ್" ಅಂದಳು. ಆಮೇಲೆ ಹೋಗಿ ಅಜ್ಜಿ ಪಕ್ಕ ಕೂತಳು. ಗ್ರೂಪ್ ಫೋಟೋದಲ್ಲಿ ನಕ್ಕಿದ್ದಾಳೆ, ಈಗ ಮೊಬೈಲಲ್ಲಿ ದೊಡ್ಡದು ಮಾಡಿ ನೋಡಿದೆ. ಸರಿಯಾಗೇ ನಕ್ಕಿದ್ದಾಳೆ.

ಸಂಜೆ ಬಸ್ಸಿಳಿದಾಗ ನಮ್ಮ ಬೀದಿಯವರೆಲ್ಲ ಪಶ್ಚಿಮಕ್ಕೆ ಮುಖ ಮಾಡಿ ನಿಂತಿದ್ದರು. ನಿನ್ನೆ ಯುಗಾದಿ ಚಂದ್ರ ಕಂಡಿರಲಿಲ್ಲ. ಇವತ್ತು ಕಂಡ, ಉಗುರು ಕತ್ತರಿಸಿ ಎಸೆದ ಹಾಗೆ ತೆಳ್ಳಗೆ. ಎದುರುಮನೆಯವರಿಗೆ ಅದೇ ಚಂದ್ರ ರಂಜಾನಿಂದು. ನಾಳೆ ಅವರ ಹಬ್ಬ. ಅವರ ಮಗು ಓಡಿಬಂದು "ಕಂಡ ಕಂಡ" ಅಂತ ನನ್ನ ಕೈ ಹಿಡಿದು ಎಳೆಯಿತು. ಚಂದ್ರ ನೋಡಿದ ಮೇಲೆ ದೊಡ್ಡವರ ಕಾಲಿಗೆ ಬೀಳಬೇಕು ಅಲ್ವಾ, ಅತ್ತೆಗೆ ನಮಸ್ಕಾರ ಮಾಡಿದೆ. "ವರ್ಷವೆಲ್ಲ ಹೊಟ್ಟೆ ತುಂಬ ಉಣ್ಣವ್ವ" ಅಂದರು. ಪ್ರತಿ ವರ್ಷ ಅದೇ ಹೇಳೋದು ಅವರು.

ಇವತ್ತು ಆ ಮಾತು ಕಿವಿಗೆ ಬಿದ್ದ ತಕ್ಷಣ ಎಲ್ಲೋ ಏನೋ ಚುಚ್ಚಿತು. ಚೀಲದಿಂದ ಪಟ್ಟಿ ತೆಗೆದೆ. ಒಂದು, ಎರಡು, ಮೂರು, ನಾಲ್ಕು, ಐದು, ಆರು. ಅಷ್ಟೇ. ಏಳನೇ ಕ್ಲಾಸಿನ ಹಾಳೆಯೇ ಇಲ್ಲ. ಬಿಡಿ ಅಂತ ನನಗೆ ಯಾರೂ ಹೇಳಿರಲಿಲ್ಲ. ಪಾಸಾಗಿ ಹೋಗೋರು ಅಂತ ನನ್ನಷ್ಟಕ್ಕೆ ನಾನೇ ತೀರ್ಮಾನ ಮಾಡಿಕೊಂಡಿದ್ದೆ. ಒಂಬತ್ತು ಮಕ್ಕಳು. ಟಿ.ಸಿ. ತಗೊಂಡಿಲ್ಲ, ಇನ್ನೂ ನಮ್ಮ ದಾಖಲೆಯಲ್ಲೇ ಇದ್ದಾರೆ.

ಅವಳು ಕೇಳಿದ್ದು ತೂಬಿನ ವಿಷಯವೇ ಇರಬಹುದು. ಇರಬಹುದು ಅಲ್ಲ, ಇರಲೇಬೇಕು, ಆ ಕಾಲುವೆ ಅಂದರೆ ಅವಳಿಗೆ ಪ್ರಾಣ. ಜನವರಿಯಲ್ಲಿ ಯಾರೋ ಹುಡುಗರು ಒಂದು ಕಲ್ಲು ಕಿತ್ತು ಎಸೆದಾಗ ಎರಡು ದಿನ ಮಾತಾಡಿರಲಿಲ್ಲ ಅವಳು. ಆದರೆ ಊಟದ ಹೊತ್ತಿಗೆ ಬಂದರೆ ಸಾಕಲ್ವಾ ಅಂತ ಯಾಕೆ ಹೇಳಿದಳು? ಮನೆಯಲ್ಲಿ ಅಜ್ಜಿ, ಅವಳು, ಇಬ್ಬರೇ. ಅಜ್ಜಿಗೆ ಈಗ ಕೂಲಿ ಎಲ್ಲಿದೆ, ಹೊಲದಲ್ಲಿ ಏನಿದೆ? ಶನಿವಾರ ಮಧ್ಯಾಹ್ನ ಅವಳು ಎರಡನೇ ಸಲ ಬಡಿಸಿಕೊಳ್ಳೋದನ್ನು ನಾನೇ ನೋಡಿದ್ದೇನೆ. ಭಾನುವಾರ ಮುಂದಿದೆ ಅಂತಲಾ? ಗೊತ್ತಿಲ್ಲ, ಸುಮ್ನೆ ಈಗ ಏನೇನೋ ಜೋಡಿಸಿಕೊಳ್ಳುತ್ತಿದ್ದೇನೆ ಅನಿಸುತ್ತೆ. ಬೆಳೆಯೋ ಮಕ್ಕಳು ಎಲ್ಲರೂ ಎರಡನೇ ಸಲ ಬಡಿಸಿಕೊಳ್ತಾರೆ.

ಎಚ್.ಎಂ. ಸರ್‌ಗೆ ಮೂರು ಸಲ ಫೋನ್ ಮಾಡಿದೆ, ಸ್ವಿಚ್ ಆಫ್. ವರ್ಷತೊಡಕಲ್ವಾ.

ಇವರು, "ನಿನ್ನ ಸರದಿ ಸೋಮವಾರ ತಾನೆ, ಸೋಮವಾರ ಹೋಗಿ ಬರೆದುಕೊಂಡರಾಯಿತು, ಅದಕ್ಕೆ ಇಷ್ಟೊಂದು ಯಾಕೆ?" ಅಂತ ಹೇಳಿ ಮಲಗಿದರು. ಸೋಮವಾರಕ್ಕೆ ಇನ್ನೂ ಎಷ್ಟು ದಿನ ಇದೆ ಅಂತ ಎಣಿಸಿದೆ. ನಾಳೆ ರಂಜಾನ್ ರಜೆ, ಇರಲಿ. ಶುಕ್ರವಾರ ಬೆಳಿಗ್ಗೆ ಏಳೂಕಾಲಿನ ಬಸ್ಸಿಗೇ ಹೋದರೆ ಎಂಟಕ್ಕೆಲ್ಲ ಅವರ ಮನೆ ಮುಂದೆ ಇರಬಹುದು. ಒಂಬತ್ತೂ ಮನೆ ಸುತ್ತಬೇಕು, ಒಂದೇ ಮನೆಗೆ ಹೋದರೆ ಊರಿಗೆಲ್ಲ ಗೊತ್ತಾಗುತ್ತೆ. ಅಜ್ಜಿ ಮುಂದೆ ಏನು ಹೇಳೋದು ಅನ್ನೋದೇ ಕಷ್ಟ. ಊಟಕ್ಕೆ ಕಳಿಸಿ ಅಂದರೆ ಖಂಡಿತ ಕಳಿಸಲ್ಲ, ಆ ಅಜ್ಜಿ ಬಡತನ ಬಾಯಿಬಿಡೋರಲ್ಲ. ತೂಬು ತಿರುಗಿಸೋಕೆ ಆರನೇ ಕ್ಲಾಸಿನವರಿಗೆ ಬರ್ತಿಲ್ಲ, ನಿಮ್ಮ ಮೊಮ್ಮಗಳೇ ಬರಬೇಕು, ಗಿಡ ಒಣಗ್ತಿದೆ ಅಂತ ಹೇಳಿದರೆ? ಆದರೆ ಇನ್ನೂ ಒಂದು ದಿನವೂ ಆಗಿರಲ್ಲ, ಗಿಡ ಎಲ್ಲಿ ಒಣಗುತ್ತೆ ಅಂತ ಅವಳೇ