ಸಣ್ಣ ಅಲೆಗಳ ಕರಾವಳಿಯಲ್ಲಿ ಸರ್ಫಿಂಗ್

ಅಲೆಗಳು ಚಿಕ್ಕವಾಗಿದ್ದು, ಅವೂ ಬಂದರೆ ಬಂದವು ಇಲ್ಲದಿದ್ದರೆ ಇಲ್ಲ ಎನ್ನುವಂತಿರುವ ಕರಾವಳಿಯಲ್ಲಿ ಸರ್ಫಿಂಗ್ ಮಾಡುವ ಬಹುತೇಕರು ಮುನ್ಸೂಚನೆಯಲ್ಲಿ ಅಲೆಯ ಎತ್ತರವನ್ನಷ್ಟೇ ನೋಡಿ ಮನೆಯಲ್ಲೇ ಉಳಿದುಬಿಡುತ್ತಾರೆ. ನಾನು ಮೊದಲು ನೋಡುವುದು ಅವಧಿಯನ್ನು, ಅಂದರೆ ಒಂದು ಅಲೆ ದಾಟಿದ ಮೇಲೆ ಮುಂದಿನದು ಬರಲು ಹಿಡಿಯುವ ಸೆಕೆಂಡುಗಳನ್ನು. ಆಳವಾದ ನೀರಿನಲ್ಲಿ 5 ಸೆಕೆಂಡ್ ಅವಧಿಯ ಅಲೆಯ ಉದ್ದ ಸುಮಾರು 39 ಮೀಟರ್. 10 ಸೆಕೆಂಡಿನದು ಸುಮಾರು 156 ಮೀಟರ್. ನೀರಿನ ಆಳ ಈ ಉದ್ದದ ಅರ್ಧಕ್ಕಿಂತ ಕಡಿಮೆಯಾದಾಗ ಅಲೆಗೆ ತಳದ ಅರಿವಾಗತೊಡಗುವುದರಿಂದ, ದೀರ್ಘಾವಧಿಯ ಅಲೆಯು ದಡದಿಂದ ಬಹುದೂರದಲ್ಲೇ ನಿಧಾನಗೊಂಡು, ತಳದ ಏರಿಳಿತಕ್ಕೆ ತಕ್ಕಂತೆ ಬಾಗಿ, ಕೊನೆಯಲ್ಲಿ ಎದ್ದು ನಿಲ್ಲುತ್ತದೆ. 5 ಸೆಕೆಂಡಿನ 3 ಅಡಿ ಅಲೆಗಿಂತ 11 ಸೆಕೆಂಡಿನ 2 ಅಡಿ ಅಲೆಯನ್ನು ನಾನು ಕಣ್ಣುಮುಚ್ಚಿ ಆರಿಸಿಕೊಳ್ಳುತ್ತೇನೆ.

ಮೆಡಿಟರೇನಿಯನ್‌ನಂಥ ಸುತ್ತುವರಿದ ಸಮುದ್ರಗಳಲ್ಲಿ ಈ ಆಯ್ಕೆಗೆ ಅವಕಾಶವೇ ಅಪರೂಪ. ಅಲ್ಲಿ ಗಾಳಿಗೆ ಓಡಲು ದೂರ ಸಾಲದು, ಹಾಗಾಗಿ ಅಲೆಗಳ ಅವಧಿ ದೀರ್ಘವಾಗುವುದಿಲ್ಲ. ಅದು ನಿಂತರೆ ಕೆಲವೇ ಗಂಟೆಗಳಲ್ಲಿ ಅಲೆಗಳೂ ಅಡಗುತ್ತವೆ.

ಅವಧಿಯ ನಂತರ ಉಬ್ಬರವಿಳಿತ. ಅಲೆಯ ಎತ್ತರದ ಸುಮಾರು 1.3 ಪಟ್ಟು ಆಳವಿರುವಲ್ಲಿ ಅಲೆ ಒಡೆಯುತ್ತದೆಂಬುದು ಸ್ಥೂಲವಾದ ಲೆಕ್ಕ. ಅದರಂತೆ 60 ಸೆಂಟಿಮೀಟರ್ ಅಲೆ ಒಡೆಯಲು ಸುಮಾರು 80 ಸೆಂಟಿಮೀಟರ್ ಆಳ ಬೇಕು. ಮರಳದಿಬ್ಬದ ಮೇಲೆ ನೀರು ಇನ್ನು ಅರ್ಧ ಮೀಟರ್ ಏರಿತೆಂದರೆ ಅದೇ ಅಲೆ ಬೆನ್ನು ಉಬ್ಬಿಸಿಕೊಂಡು ಒಡೆಯದೆಯೇ ದಾಟಿಹೋಗಿ, ದಡಕ್ಕೆ ತಾಕುವಾಗ ಧೊಪ್ಪೆಂದು ಬೀಳುತ್ತದೆ. ದೊಡ್ಡ ಅಲೆಗಳ ಊರಿನವರಿಗೆ ಲೆಕ್ಕಕ್ಕೇ ಬಾರದ ಈ ಅರ್ಧ ಮೀಟರ್ ನಮಗೆ ಇಡೀ ದಿನದ ಹಣೆಬರಹವನ್ನು ನಿರ್ಧರಿಸುತ್ತದೆ. ಆದುದರಿಂದ ಬೆಳಿಗ್ಗೆ ಸಪಾಟಾಗಿ ಕಂಡ ಸಮುದ್ರವನ್ನು ನೀರು ಇಳಿಯುವ ಹೊತ್ತಿಗೆ ಇನ್ನೊಮ್ಮೆ ನೋಡದೆ ತೀರ್ಪು ಕೊಡಬಾರದು.

ಬೋರ್ಡ್ ವಿಷಯದಲ್ಲಿ ಜನರ ಹಠ ನನಗೆ ಅರ್ಥವಾಗುವುದಿಲ್ಲ. ಸ್ಪರ್ಧಿಗಳ ಕೈಯಲ್ಲಿ ಕಂಡ ತೆಳ್ಳನೆಯ ಶಾರ್ಟ್‌ಬೋರ್ಡ್ ಕೊಂಡು, ಸೊಂಟದವರೆಗೂ ಬಾರದ ಅಲೆಗಳಲ್ಲಿ ಮುಳುಗೇಳುತ್ತಾ ಸಮುದ್ರವನ್ನು ಬೈಯುವವರು ಎಲ್ಲೆಡೆ ಇದ್ದಾರೆ. ದುರ್ಬಲ ಅಲೆಗೆ ಬೇಕಾದದ್ದು ಬೋರ್ಡನ್ನು ತೇಲಿಸುವ ಹೆಚ್ಚು ಗಾತ್ರ (ಇದನ್ನು ಲೀಟರ್‌ಗಳಲ್ಲಿ ಅಳೆಯುತ್ತಾರೆ), ಅಗಲ ಮತ್ತು ಚಪ್ಪಟೆಯಾದ ತಳ. 9 ಅಡಿಯ ಲಾಂಗ್‌ಬೋರ್ಡ್ ಇದಕ್ಕೆ ಸರಳ ಉತ್ತರ. ಚುರುಕಾಗಿ ತಿರುಗುವ ಆಸೆಯಿದ್ದವರಿಗೆ, 1967ರಲ್ಲಿ ಸ್ಯಾನ್ ಡಿಯೇಗೊದ ಸ್ಟೀವ್ ಲಿಸ್ ರೂಪಿಸಿದ, ಮೀನಿನ ಬಾಲದಂತೆ ಸೀಳಿದ ಹಿಂತುದಿಯ ಫಿಶ್ ಬೋರ್ಡ್ ಇದೆ. ಹಾಗೆಂದು ಸಣ್ಣ ಅಲೆ ಕೀಳೆಂದು ಭಾವಿಸಬೇಕಿಲ್ಲ: 11 ಬಾರಿ ವಿಶ್ವ ಚಾಂಪಿಯನ್ ಆದ ಕೆಲ್ಲಿ ಸ್ಲೇಟರ್ ಬೆಳೆದದ್ದು ಫ್ಲೋರಿಡಾದ ಕೊಕೊವಾ ಬೀಚ್‌ನ ಬಲಹೀನ ಅಲೆಗಳಲ್ಲಿ.

ನೀರಿಗಿಳಿದ ಮೇಲೆ ಕೆಲಸವೆಲ್ಲ ತೂಕದ್ದು. ಅಲೆ ಹಿಂದಿನಿಂದ ಎತ್ತತೊಡಗಿದಾಗ ಗದ್ದವನ್ನು ಬೋರ್ಡಿಗೆ ತಾಕುವಷ್ಟು ತಗ್ಗಿಸಿ, ಬೋರ್ಡಿನ ಮೂತಿ ನೀರಿಗೆ ಹೋಗುವುದೇನೋ ಎನ್ನುವವರೆಗೆ ಭಾರವನ್ನು ಮುಂದಕ್ಕೆ ತಂದು, ಇನ್ನು ಎದ್ದು ನಿಲ್ಲಬಹುದು ಎನಿಸಿದ ಮೇಲೂ ಎರಡು ಬಾರಿ ಕೈಗಳಿಂದ ನೀರನ್ನು ಹಿಂದಕ್ಕೆ ತಳ್ಳಬೇಕು. ಎದ್ದ ಕ್ಷಣದಿಂದಲೇ ಓರೆಯಾಗಿ ಸಾಗಬೇಕು, ಏಕೆಂದರೆ ನೇರ ಕೆಳಗಿಳಿದರೆ ವೇಗ ಅಲ್ಲಿಗೇ ಮುಗಿಯುತ್ತದೆ. ದಿಬ್ಬ ದಾಟಿ ಆಳ ಹೆಚ್ಚಿದಲ್ಲಿ ಅಲೆ ಬಡವಾಗುತ್ತದೆ; ಆಗ ನೊರೆಯ ಕಡೆಗೆ ತಿರುಗಿ, ಮುಂಗಾಲಿನ ಮೇಲೆ ಭಾರ ಹಾಕಿ ತಾಳಿಕೊಂಡರೆ, ದಡದ ಹತ್ತಿರ ಅದು ಮತ್ತೊಮ್ಮೆ ಎದ್ದಾಗ ಇನ್ನಷ್ಟು ದೂರ ಸಿಗುತ್ತದೆ.

ಆದರೆ ಆ ಎರಡನೆಯ ಭಾಗದಲ್ಲಿ ನೀರು ಮೊಣಕಾಲಿನಷ್ಟೇ ಇರುತ್ತದೆ. ಅಲೆ ಸಣ್ಣದೆಂದು ಅಲ್ಲಿ ತಲೆ ಮುಂದಾಗಿ ಧುಮುಕುವವರನ್ನು ಕಂಡರೆ ನನಗೆ ಎದೆ ಝಲ್ಲೆನ್ನುತ್ತದೆ. ಬೀಳಲೇಬೇಕಾದರೆ ಬೆನ್ನು ಅಥವಾ ಪಕ್ಕೆ ಅಗಲವಾಗಿ ನೀರಿಗೆ ತಾಕುವಂತೆ ಬಿದ್ದು, ಮೇಲೇಳುವ ಮುನ್ನ ಕೈಗಳಿಂದ ತಲೆಯನ್ನು ಮುಚ್ಚಿಕೊಳ್ಳಿ. ಬೋರ್ಡ್ ಎಲ್ಲಿದೆಯೆಂದು ಆಮೇಲೆ ನೋಡಬಹುದು.